ಎಲ್‌ಕೆಜಿಯ ‘ಜಿ’: ಫ್ರೋಬೆಲ್ ಮೇಷ್ಟ್ರ ಕಥೆ

ನಾವೆಲ್ಲ ಒಂದಲ್ಲ ಒಂದು ಊರಿನ ಎಲ್‌ಕೆಜಿ, ಯುಕೆಜಿ ದಾಟಿ ಬಂದವರೇ. ಕುತ್ತಿಗೆಗೆ ನೀರಿನ ಬಾಟ್ಲಿ ನೇತುಹಾಕಿಕೊಂಡು, ಗೇಟಿನ ಹತ್ತಿರ ಅಮ್ಮನ ಸೆರಗು ಬಿಡದೆ ಅತ್ತು, ಆಮೇಲೆ ಮಿಸ್ಸು ತೋರಿಸಿದ ಕಾಗದದ ದೋಣಿಗೋ ಬೆಂಡೆಕಾಯಿ ಅಚ್ಚಿನ ಹೂವಿಗೋ ಮರುಳಾಗಿ ಒಳಗೆ ಹೋದವರು. ಆದರೆ ಆ ಕೆಜಿ ಅಂದರೆ ಏನು ಅಂತ ನಮ್ಮ ಬೆಂಚಿನಲ್ಲಿ ಕೇಳಿದಾಗ ಒಬ್ಬ ಕಿಲೋಗ್ರಾಂ ಅಂದ, ಇನ್ನೊಬ್ಬಳು ಕಿಡ್ಸ್ ಗ್ರೂಪ್ ಇರಬೇಕು ಅಂದಳು. ಹದಿನೈದು ವರ್ಷದ ಹಿಂದೆ ಓದಿದ ಕ್ಲಾಸಿನ ಹೆಸರೇ ನಮಗೆ ಗೊತ್ತಿಲ್ಲ!

ಅದು ಕಿಂಡರ್‌ಗಾರ್ಟನ್. ಜರ್ಮನ್ ಪದ. ಕಿಂಡರ್ ಅಂದರೆ ಮಕ್ಕಳು, ಗಾರ್ಟನ್ ಅಂದರೆ ತೋಟ. ಮಕ್ಕಳ ತೋಟ. ಈ ಹೆಸರು ಇಟ್ಟವರು ಫ್ರೆಡ್ರಿಕ್ ಫ್ರೋಬೆಲ್. ಮನೆಯಲ್ಲಿ ಬಿ.ಎಡ್ ಓದಿದ ಅಕ್ಕನೋ ಚಿಕ್ಕಮ್ಮನೋ ಇದ್ದರೆ ಅವರಿಗೆ ಈ ಹೆಸರು ಗೊತ್ತಿರುತ್ತೆ. ನಮಗೆ ಗೊತ್ತಾಗಿದ್ದು ಹೋದ ಸೆಮಿಸ್ಟರ್‌ನಲ್ಲಿ, ನಾವು ಆರು ಜನ ಬಣ್ಣದ ಕಾಗದ ಹಿಡಿದುಕೊಂಡು ಹತ್ತಿರದ ಒಂದು ಅಂಗನವಾಡಿಗೆ ಹೋಗಿ ಬಂದ ಮೇಲೆ. ಅಲ್ಲಿ ನಾವು ಒಂದು ತಪ್ಪು ಮಾಡಿದ್ವಿ. ಅದನ್ನು ಕೊನೆಗೆ ಹೇಳ್ತೀವಿ. ಮೊದಲು ಫ್ರೋಬೆಲ್ ಕಥೆ. ಯಾಕಂದ್ರೆ ಮೇಷ್ಟ್ರಾಗೋ ಮುಂಚೆ ಈ ಮನುಷ್ಯ ನಮ್ಮ ಥರದವನೇ: ಸರ್ವೆ, ಡ್ರಾಯಿಂಗ್, ಗಣಿತ, ಮುಂದೇನು ಅನ್ನೋ ಗೊಂದಲ.

ತಾಯಿಯಿಲ್ಲದ ಹುಡುಗ

ಫ್ರೋಬೆಲ್ ಹುಟ್ಟಿದ್ದು 1782ರ ಏಪ್ರಿಲ್ 21ರಂದು, ಈಗಿನ ಜರ್ಮನಿಯ ಮಧ್ಯದಲ್ಲಿರುವ ಥುರಿಂಗಿಯಾ ಕಾಡಿನ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ. ಆಗ ಜರ್ಮನಿ ಅನ್ನೋ ಒಂದು ದೇಶವೇ ಇರಲಿಲ್ಲ, ಚಿಕ್ಕಚಿಕ್ಕ ಸಂಸ್ಥಾನಗಳಿದ್ದವು. ಅಪ್ಪ ಚರ್ಚಿನ ಪಾದ್ರಿ. ಸುತ್ತಲ ಹಳ್ಳಿಗಳ ಜವಾಬ್ದಾರಿಯೆಲ್ಲ ಅವರ ತಲೆ ಮೇಲೆ, ಮನೆ ಕಡೆ ಗಮನ ಕಡಿಮೆ. ಹುಡುಗನಿಗೆ ಒಂದು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು.

ಅವನಿಗೆ ಮೂರು ವರ್ಷ ಆದಾಗ ಅಪ್ಪ ಇನ್ನೊಂದು ಮದುವೆಯಾದರು. ಮಲತಾಯಿ ಮೊದಮೊದಲು ಪ್ರೀತಿಯಿಂದಲೇ ಇದ್ದಳು. ತನಗೇ ಒಂದು ಮಗು ಹುಟ್ಟಿದ ಮೇಲೆ ಎಲ್ಲ ಬದಲಾಯಿತು. ಎಷ್ಟರ ಮಟ್ಟಿಗೆ ಅಂದರೆ, ಅವಳು ಹುಡುಗನನ್ನು ನೀನು ಅಂತ ಕರೆಯೋದನ್ನೇ ನಿಲ್ಲಿಸಿದಳು. ಎದುರಿಗೇ ನಿಂತಿದ್ದರೂ ಅವನು ಅಂತ ಮಾತಾಡಿಸುತ್ತಿದ್ದಳು. ಆಗಿನ ಜರ್ಮನ್ ಮನೆಗಳಲ್ಲಿ ಆಳುಗಳನ್ನು ಹಾಗೆ ಮಾತಾಡಿಸುವ ರೂಢಿ ಇತ್ತು. ಕನ್ನಡದವರಾದ ನಮಗೆ ಈ ನೋವು ಬೇಗ ಅರ್ಥ ಆಗುತ್ತೆ. ನೀನು ಅನ್ನೋ ಒಂದು ಪದದಲ್ಲಿ ಎಷ್ಟು ಸಲಿಗೆ ಇದೆ, ಅದು ಹೋದರೆ ಎಷ್ಟು ದೂರ ಆಗುತ್ತೆ ಅನ್ನೋದು ನಮಗೆ ಗೊತ್ತು. ಫ್ರೋಬೆಲ್‌ಗೆ ವಯಸ್ಸಾದ ಮೇಲೂ ಇದು ಮರೆಯಲಿಲ್ಲ, ತನ್ನ ಬದುಕಿನ ಬಗ್ಗೆ ಬರೆಯುವಾಗ ಇದನ್ನೂ ಬರೆದಿಟ್ಟ.

ಮನೆಯಲ್ಲಿ ಅವನನ್ನು ದಡ್ಡ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಆಟಕ್ಕೆ ಜೊತೆ ಇಲ್ಲ. ಹುಡುಗ ಮನೆ ಹಿಂದಿನ ತೋಟದಲ್ಲಿ ಹೂವು, ಎಲೆ, ಕಲ್ಲು ನೋಡುತ್ತ ದಿನ ಕಳೆದ. ಹತ್ತನೇ ವಯಸ್ಸಿಗೆ ಅವನನ್ನು ಕರೆದುಕೊಂಡು ಹೋಗಲು ಬಂದವರು ಯಾರು ಗೊತ್ತಾ? ಸೋದರಮಾವ! ನಮ್ಮ ಅಜ್ಜಿ ಕಥೆಗಳಲ್ಲಿ ಬರುವ ಹಾಗೆಯೇ. ತಂಗಿಯ ಮಗನ ಅವಸ್ಥೆ ನೋಡಲಾಗದೆ ಹಾಫ್‌ಮನ್ ಮಾವ ಅವನನ್ನು ಸ್ಟಾಟ್‌ಇಲ್ಮ್ ಎಂಬ ಊರಿಗೆ ಕರೆದುಕೊಂಡು ಹೋಗಿ ಶಾಲೆಗೆ ಸೇರಿಸಿದರು. ಅಲ್ಲಿ ಓಡೋಕೆ ಬಯಲಿತ್ತು, ಜೊತೆಗೆ ಹುಡುಗರಿದ್ದರು, ಮನೆಯಲ್ಲಿ ನಂಬಿಕೆ ಇತ್ತು. ದಡ್ಡ ಅನ್ನಿಸಿಕೊಂಡವನು ಗಣಿತದಲ್ಲಿ ಮುಂದೆ ಬಂದ.

ಮೆಸ್ ಬಿಲ್ಲು ಮತ್ತು ಜೈಲು

ಹದಿನೈದಕ್ಕೆ ಶಾಲೆ ಮುಗಿಯಿತು. ದೊಡ್ಡ ಓದಿಗೆ ಇವನು ಲಾಯಕ್ಕಲ್ಲ ಅಂತ ಅಪ್ಪ ಒಬ್ಬ ಅರಣ್ಯಾಧಿಕಾರಿಯ ಹತ್ತಿರ ಕೆಲಸ ಕಲಿಯಲು ಬಿಟ್ಟರು. ಆ ಗುರುವಿಗೆ ಹೇಳಿಕೊಡಲು ಪುರುಸೊತ್ತಿಲ್ಲ. ಹುಡುಗ ಅವರ ಪುಸ್ತಕಗಳನ್ನು ಹಿಡಿದು ಎರಡು ವರ್ಷ ತಾನೇ ರೇಖಾಗಣಿತ, ಅಳತೆ, ಗಿಡಮರಗಳ ವಿಷಯ ಕಲಿತ. 1799ರಲ್ಲಿ, ಯೇನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಣ್ಣನಿಗೆ ಮನೆಯಿಂದ ದುಡ್ಡು ತಲುಪಿಸಲು ಹೋದವನು, ಅಲ್ಲಿನ ತರಗತಿಗಳನ್ನು ನೋಡಿ ಅಲ್ಲೇ ಉಳಿಯುವ ಮನಸ್ಸು ಮಾಡಿದ. ಗಣಿತ, ಭೌತಶಾಸ್ತ್ರ, ಖನಿಜಶಾಸ್ತ್ರ, ಕಟ್ಟಡ ವಿದ್ಯೆ, ಸರ್ವೆ ಹೀಗೆ ಸಿಕ್ಕಿದ್ದನ್ನೆಲ್ಲ ಓದಿದ.

ಆಮೇಲೆ ಆಗಿದ್ದು ನಮ್ಮಲ್ಲಿ ಯಾರಿಗೆ ಬೇಕಾದರೂ ಆಗಬಹುದಾದ ಕಥೆ. ಕೈಯಲ್ಲಿದ್ದ ದುಡ್ಡನ್ನು ಅಣ್ಣನಿಗೆ ಸಾಲ ಕೊಟ್ಟ. ಅಣ್ಣ ವಾಪಸ್ ಕೊಡಲಿಲ್ಲ. ಊಟದ ಮನೆಯ ಬಾಕಿ ಬೆಳೆಯಿತು. ನಮ್ಮಲ್ಲಿ ಮೆಸ್ ಬಿಲ್ಲು ಕಟ್ಟದಿದ್ದರೆ ನೋಟಿಸ್ ಬೋರ್ಡಿನಲ್ಲಿ ಹೆಸರು ಬರುತ್ತೆ, ಹಾಲ್ ಟಿಕೆಟ್‌ಗೆ ತೊಂದರೆ ಆಗುತ್ತೆ, ಅಷ್ಟೇ. ಆಗಿನ ಯೇನಾದಲ್ಲಿ ವಿಶ್ವವಿದ್ಯಾಲಯಕ್ಕೇ ಒಂದು ಜೈಲಿತ್ತು. ಹತ್ತೊಂಬತ್ತು ವರ್ಷದ ಫ್ರೋಬೆಲ್ ಅದರೊಳಗೆ ಒಂಬತ್ತು ವಾರ ಕೂತ. ಕೊನೆಗೆ ಅಪ್ಪ ಸಾಲ ತೀರಿಸಿದರು, ಆದರೆ ಮುಂದೆ ಆಸ್ತಿಯಲ್ಲಿ ಪಾಲು ಕೇಳುವುದಿಲ್ಲ ಅಂತ ಬರೆಸಿಕೊಂಡ ಮೇಲೆ. ಡಿಗ್ರಿ ಇಲ್ಲದೆ ಹುಡುಗ ಊರಿಗೆ ವಾಪಸ್.

ನಾವೂ ಈಗ ಹತ್ತೊಂಬತ್ತರ ಆಸುಪಾಸಿನವರೇ. ಒಂದು ಬ್ಯಾಕ್‌ಲಾಗ್ ಬಂದರೆ ಜೀವನ ಮುಗೀತು ಅಂದುಕೊಂಡು ರಾತ್ರಿಯೆಲ್ಲ ಸೀಲಿಂಗ್ ನೋಡುತ್ತೀವಿ. ಅದಕ್ಕೇ ಈ ಭಾಗ ಓದಿದಾಗ ನಮ್ಮ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮುಂದಿನ ವರ್ಷ ಅಪ್ಪ ತೀರಿಕೊಂಡರು. ಫ್ರೋಬೆಲ್ ಅರಣ್ಯ ಕಚೇರಿಯಲ್ಲಿ ಗುಮಾಸ್ತನಾದ, ಬಾಂಬರ್ಗ್‌ನಲ್ಲಿ ಜಮೀನು ಅಳೆದ, ಜಮೀನ್ದಾರರ ಲೆಕ್ಕ ಬರೆದ. ಯಾವುದರಲ್ಲೂ ನೆಲೆ ನಿಲ್ಲಲಿಲ್ಲ. ಅಷ್ಟರಲ್ಲಿ ಹಾಫ್‌ಮನ್ ಮಾವ ತೀರಿಕೊಂಡು, ಅಳಿಯನಿಗೆ ಅಂತ ಸ್ವಲ್ಪ ಹಣ ಬಿಟ್ಟು ಹೋಗಿದ್ದರು. ಸೋದರಮಾವ ಎರಡನೇ ಸಲ ಕಾಪಾಡಿದ ಹಾಗಾಯಿತು. ಆ ಹಣ ಹಿಡಿದುಕೊಂಡು 1805ರಲ್ಲಿ ಆರ್ಕಿಟೆಕ್ಟ್ ಆಗಬೇಕು ಅಂತ ಫ್ರಾಂಕ್‌ಫರ್ಟ್‌ಗೆ ಹೊರಟ.

ಮೇಷ್ಟ್ರಾಗಿದ್ದು ಹೀಗೆ

ಫ್ರಾಂಕ್‌ಫರ್ಟ್‌ನಲ್ಲಿ ಗ್ರೂನರ್ ಅಂತ ಒಬ್ಬ ಹೆಡ್‌ಮಾಸ್ಟರ್ ಪರಿಚಯವಾದರು. ಅವರ ಮಾದರಿ ಶಾಲೆಯಲ್ಲಿ ಒಂದು ಜಾಗ ಖಾಲಿ ಇತ್ತು. ಮನೆ ಕಟ್ಟುವುದು ಬಿಟ್ಟು ಮಕ್ಕಳಿಗೆ ಪಾಠ ಮಾಡು ಅಂತ ಅವರು ಹುರಿದುಂಬಿಸಿದರು. ಫ್ರೋಬೆಲ್ ಹಿಂದೆಮುಂದೆ ನೋಡಿ ಒಪ್ಪಿಕೊಂಡ. ಒಂಬತ್ತರಿಂದ ಹನ್ನೊಂದು ವರ್ಷದ ಮೂವತ್ತು ನಲವತ್ತು ಹುಡುಗರ ಮುಂದೆ ಮೊದಲ ಸಲ ನಿಂತಾಗ, ನೀರಿಲ್ಲದೆ ಒದ್ದಾಡುತ್ತಿದ್ದ ಮೀನಿಗೆ ಕೆರೆ ಸಿಕ್ಕಂತಾಯಿತು. ಇಪ್ಪತ್ತಮೂರು ವರ್ಷ ಹುಡುಕಿದ್ದು ಇದನ್ನೇ ಅಂತ ಅವನಿಗೆ ಅನ್ನಿಸಿತು. ಸರಿ, ಇಲ್ಲಿಂದ ಮುಂದೆ ಅವರನ್ನು ಬಹುವಚನದಲ್ಲೇ ಕರೆಯೋಣ. ಮೇಷ್ಟ್ರಾದರಲ್ಲ.

ಅದೇ ವರ್ಷ ಅವರು ಸ್ವಿಟ್ಜರ್ಲೆಂಡಿನ ಇವರ್ಡಾನ್‌ಗೆ ಹೋಗಿ ಪೆಸ್ಟಾಲಜಿಯವರ ಶಾಲೆ ನೋಡಿ ಬಂದರು. ಮಕ್ಕಳಿಗೆ ಬಾಯಿಪಾಠ ಮಾಡಿಸಬಾರದು, ವಸ್ತುವನ್ನು ಕೈಗೆ ಕೊಡಬೇಕು ಅಂತ ಯುರೋಪಿಗೆಲ್ಲ ತೋರಿಸಿಕೊಟ್ಟ ದೊಡ್ಡ ಮೇಷ್ಟ್ರು ಪೆಸ್ಟಾಲಜಿ. ಆಮೇಲೆ ಫ್ರೋಬೆಲ್ ಒಂದು ಶ್ರೀಮಂತ ಮನೆಯ ಮೂವರು ಹುಡುಗರಿಗೆ ಮನೆಪಾಠ ಹೇಳಲು ಸೇರಿಕೊಂಡು, ಆ ಹುಡುಗರನ್ನೂ ಕರೆದುಕೊಂಡು 1808ರಿಂದ 1810ರವರೆಗೆ ಇವರ್ಡಾನ್‌ನಲ್ಲೇ ಇದ್ದರು. ಈ ಹುಡುಗರಿಗೆ ಅವರು ಒಂದು ತುಂಡು ತೋಟ ಕೊಡಿಸಿದ್ದರು. ಚಳಿಗಾಲದಲ್ಲಿ ಹೊರಗೆ ಹೋಗಲಾಗದೆ ಇದ್ದಾಗ ಕಾಗದ, ರಟ್ಟು, ಮರದ ಚೂರುಗಳಲ್ಲಿ ಏನಾದರೂ ಮಾಡಿಸುತ್ತಿದ್ದರು. ತೋಟ ಮತ್ತು ಕಾಗದ ಎರಡೂ ಇಲ್ಲೇ ಶುರುವಾದವು.

ಮತ್ತೆ ಓದುವ ಆಸೆ. 29ನೇ ವಯಸ್ಸಿಗೆ ಗೋಟಿಂಗನ್, ಆಮೇಲೆ ಬರ್ಲಿನ್. ಬರ್ಲಿನ್‌ನಲ್ಲಿ ಸಿಕ್ಕ ಗುರು ಕ್ರಿಶ್ಚಿಯನ್ ಸ್ಯಾಮ್ಯುಯಲ್ ವೈಸ್. ಮಿಲ್ಲರ್ ಇಂಡೈಸಸ್ ಓದುವಾಗ ಅದಕ್ಕೂ ಮೊದಲು ವೈಸ್ ಪ್ಯಾರಾಮೀಟರ್ಸ್ ಅಂತ ಬರುತ್ತಲ್ಲ, ಅದೇ ವೈಸ್! ಹರಳುಗಳನ್ನು ಅವುಗಳ ಅಕ್ಷಗಳ ಪ್ರಕಾರ ವಿಂಗಡಿಸಿದವರು. 1813ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಫ್ರೋಬೆಲ್ ಸ್ವಯಂಸೇವಕರಾಗಿ ಸೇರಿದರು. ಅಲ್ಲಿ ಲಾಂಗೆತಾಲ್, ಮಿಡೆನ್‌ಡಾರ್ಫ್ ಎಂಬ ಇಬ್ಬರು ಗೆಳೆಯರು ಸಿಕ್ಕರು. ಯುದ್ಧದಿಂದ ವಾಪಸ್ ಬಂದು 1814ರಲ್ಲಿ ವೈಸ್ ಅವರ ಖನಿಜ ಮ್ಯೂಸಿಯಂನಲ್ಲಿ ಸಹಾಯಕರಾದರು. ಬಾಗಿಲು ಹಾಕಿದ ಕೋಣೆಯಲ್ಲಿ ದಿನವಿಡೀ ಹರಳುಗಳನ್ನು ಜೋಡಿಸುವುದು. ಒಂದು ಚಿಕ್ಕ ಆಕಾರ ಮತ್ತೆ ಮತ್ತೆ ಸೇರಿ ದೊಡ್ಡ ಆಕಾರ ಆಗುವುದನ್ನು ನೋಡುತ್ತ, ಕಲ್ಲಿನಲ್ಲೂ ಮರದಲ್ಲೂ ಮನುಷ್ಯನಲ್ಲೂ ಒಂದೇ ನಿಯಮ ಕೆಲಸ ಮಾಡುತ್ತಿದೆ ಅಂತ ಅವರಿಗೆ ಬಲವಾಗಿ ಅನ್ನಿಸಿತು.

ಅಷ್ಟು ಒಳ್ಳೆಯ ಕೆಲಸವನ್ನು 1816ರಲ್ಲಿ ಬಿಟ್ಟರು. ಕಾರಣ, ಅಣ್ಣ ಕ್ರಿಸ್ಟಾಫ್. ಯುದ್ಧಕಾಲದಲ್ಲಿ ಗಾಯಾಳು ಸೈನಿಕರ ಸೇವೆ ಮಾಡುತ್ತ ಟೈಫಸ್ ತಗುಲಿ ಆತ ತೀರಿಕೊಂಡಿದ್ದ. ಮೂವರು ಗಂಡುಮಕ್ಕಳಿಗೆ ತಂದೆ ಇಲ್ಲ. ತಾಯಿಯಿಲ್ಲದೆ ಬೆಳೆದ ಚಿಕ್ಕಪ್ಪ ಅವರ ಓದಿನ ಹೊಣೆ ಹೊತ್ತರು. ಗ್ರೀಸ್‌ಹೈಮ್ ಎಂಬ ಹಳ್ಳಿಯಲ್ಲಿ, ಆ ಮೂವರು ಮತ್ತು ಇನ್ನೊಬ್ಬ ಅಣ್ಣನ ಇಬ್ಬರು, ಒಟ್ಟು ಐದು ಮಕ್ಕಳ ಶಾಲೆ ಶುರುವಾಯಿತು. ಹೆಸರು ಮಾತ್ರ ಸಾರ್ವತ್ರಿಕ ಜರ್ಮನ್ ಶಿಕ್ಷಣ ಸಂಸ್ಥೆ! ಮುಂದಿನ ವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಬಂತು. ಯುದ್ಧದ ಗೆಳೆಯರಿಬ್ಬರೂ ಮೇಷ್ಟ್ರಾಗಿ ಬಂದರು. 1818ರಲ್ಲಿ ಬರ್ಲಿನ್‌ನ ಹೆನ್ರಿಯೆಟ್ ಹಾಫ್‌ಮೈಸ್ಟರ್ ಅವರನ್ನು ಮದುವೆಯಾದರು. ಅನುಕೂಲವಂತರ ಮನೆಯ ಹೆಣ್ಣುಮಗಳು ಹಳ್ಳಿ ಶಾಲೆಯ ಕಷ್ಟಕ್ಕೆ ಬಂದು ಹೆಗಲು ಕೊಟ್ಟರು. ಶಾಲೆ ಬೆಳೆಯಿತು. 1826ರಲ್ಲಿ ಫ್ರೋಬೆಲ್ ಮನುಷ್ಯನ ಶಿಕ್ಷಣದ ಬಗ್ಗೆ ತಮ್ಮ ಮುಖ್ಯ ಪುಸ್ತಕ ಬರೆದರು. ಆದರೆ ಇಲ್ಲಿ ಕ್ರಾಂತಿಕಾರಿಗಳನ್ನು ತಯಾರು ಮಾಡುತ್ತಿದ್ದಾರೆ ಅಂತ ಸರ್ಕಾರಗಳಿಗೆ ಅನುಮಾನ ಬಂತು. ತನಿಖೆಗೆ ಬಂದ ಅಧಿಕಾರಿ ಶಾಲೆಯನ್ನು ಹೊಗಳಿಯೇ ವರದಿ ಬರೆದರೂ ಅನುಮಾನ ಹೋಗಲಿಲ್ಲ. ಹೆತ್ತವರು ಹೆದರಿ ಮಕ್ಕಳನ್ನು ಬಿಡಿಸಿಕೊಂಡರು, ಕೊನೆಗೆ ಬೆರಳೆಣಿಕೆಯ ಮಕ್ಕಳು ಉಳಿದರು.

1831ರಿಂದ ಕೆಲವು ವರ್ಷ ಸ್ವಿಟ್ಜರ್ಲೆಂಡ್. ಬುರ್ಗ್‌ಡಾರ್ಫ್‌ನ ಅನಾಥಾಲಯ ನೋಡಿಕೊಳ್ಳುವಾಗ ತೀರಾ ಚಿಕ್ಕ ಮಕ್ಕಳು ಹತ್ತಿರವಾದರು. ಶಾಲೆಗೆ ಬರುವ ಹೊತ್ತಿಗೆ ತಡ ಆಗಿರುತ್ತೆ, ಕಲಿಕೆ ಶುರುವಾಗುವುದು ಅದಕ್ಕೂ ಮೊದಲು, ಆಟದಲ್ಲಿ ಅನ್ನೋದು ಅವರಿಗೆ ಖಚಿತವಾಯಿತು.

ಪೆಟ್ಟಿಗೆಯೊಳಗಿನ ಘನ

1837ರಲ್ಲಿ, 55ನೇ ವಯಸ್ಸಿಗೆ, ಕೈಲ್‌ಹೌ ಪಕ್ಕದ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಅವರು ಕೊನೆಯ ದೊಡ್ಡ ಕೆಲಸ ಶುರು ಮಾಡಿದರು. ಪುಟ್ಟ ಮಕ್ಕಳ ಕೈಗೆ ಏನು ಕೊಡಬೇಕು ಅನ್ನೋದಕ್ಕೆ ಒಂದು ಪೂರ್ತಿ ಸಿಸ್ಟಮ್ಮನ್ನೇ ಕಟ್ಟಿದರು. ಅದರ ಹೆಸರು ಉಡುಗೊರೆಗಳು.

ಮೊದಲ ಉಡುಗೊರೆ ಆರು ಬಣ್ಣದ ಆರು ಉಣ್ಣೆ ಚೆಂಡು, ದಾರ ಕಟ್ಟಿದ್ದು. ಎಳೆ ಮಗುವಿಗೆ. ಎರಡನೆಯದು ಮರದ ಗೋಳ, ಸಿಲಿಂಡರ್, ಘನ. ಗೋಳ ಎಲ್ಲ ಕಡೆ ಉರುಳುತ್ತೆ, ಘನ ಕೂತಲ್ಲೇ ಕೂರುತ್ತೆ, ಸಿಲಿಂಡರ್ ಎರಡೂ ಮಾಡುತ್ತೆ. ಇವನ್ನು ದಾರಕ್ಕೆ ನೇತುಹಾಕಿ ಗಿರ್ರನೆ ತಿರುಗಿಸಬಹುದು. ಘನವನ್ನು ಒಂದು ಮುಖದ ಮಧ್ಯದಿಂದ ನೇತುಹಾಕಿ ತಿರುಗಿಸಿದರೆ ಅದರೊಳಗೆ ಒಂದು ಸಿಲಿಂಡರ್ ಕಾಣುತ್ತೆ, ಮೂಲೆಯಿಂದ ನೇತುಹಾಕಿದರೆ ಬುಗುರಿಯ ಹಾಗೆ ಕಾಣುತ್ತೆ.

ಇದನ್ನು ಓದಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಫಸ್ಟ್ ಇಯರ್ ಡ್ರಾಯಿಂಗ್‌ನಲ್ಲಿ, ಮೂಲೆಯ ಮೇಲೆ ನಿಂತ ಘನದ ಟಾಪ್ ವ್ಯೂ ಯಾಕೆ ಷಟ್ಕೋನ ಆಗುತ್ತೆ ಅಂತ ನಮ್ಮಲ್ಲಿ ಅರ್ಧ ಜನಕ್ಕೆ ಕೊನೆವರೆಗೂ ಕಣ್ಣಿಗೆ ಬಂದಿರಲಿಲ್ಲ. ಸ್ಟೆಪ್ ಉರು ಹೊಡೆದು ಪಾಸಾದ್ವಿ. ಕೊನೆಗೆ ಒಬ್ಬ ಗೆಳತಿ ಹಾಸ್ಟೆಲ್ ಅಡುಗೆಮನೆಯಿಂದ ಒಂದು ಆಲೂಗಡ್ಡೆ ತಂದು ಚಾಕುವಿನಲ್ಲಿ ಘನ ಕತ್ತರಿಸಿ, ಮೂಲೆ ಮೇಲೆ ಹಿಡಿದು ಮೇಲಿನಿಂದ ತೋರಿಸಿದಳು. ಐದು ಸೆಕೆಂಡಿನಲ್ಲಿ ಅರ್ಥ ಆಯಿತು. ಹದಿನೆಂಟನೇ ವಯಸ್ಸಿನಲ್ಲಿ ಆಲೂಗಡ್ಡೆಯಿಂದ ನಮಗೆ ಸಿಕ್ಕಿದ್ದನ್ನು ಫ್ರೋಬೆಲ್ ಮೂರು ವರ್ಷದ ಮಗುವಿನ ಕೈಗೆ ಕೊಟ್ಟಿದ್ದರು.

ಮೂರನೇ ಉಡುಗೊರೆ ಒಂದು ಪುಟ್ಟ ಮರದ ಪೆಟ್ಟಿಗೆ. ಒಳಗೆ ಎಂಟು ಚಿಕ್ಕ ಘನಗಳು ಸೇರಿದ ಒಂದು ದೊಡ್ಡ ಘನ. ಕೊಡುವ ರೀತಿಯಲ್ಲೇ ಒಂದು ಪಾಠ ಇದೆ. ಪೆಟ್ಟಿಗೆಯನ್ನು ತಲೆಕೆಳಗು ಇಟ್ಟು, ಮುಚ್ಚಳ ಎಳೆದು, ಪೆಟ್ಟಿಗೆ ಎತ್ತಬೇಕು. ಆಗ ಮಗುವಿನ ಮುಂದೆ ಚೂರುಗಳ ರಾಶಿ ಬೀಳುವುದಿಲ್ಲ, ಇಡೀ ಘನ ನಿಂತಿರುತ್ತೆ. ಮೊದಲು ಇಡಿಯಾದದ್ದು, ಆಮೇಲೆ ಭಾಗಗಳು. ಆಟ ಮುಗಿದ ಮೇಲೆ ಮತ್ತೆ ಘನ ಜೋಡಿಸಿ ಒಳಗಿಡಬೇಕು. ನಾಲ್ಕನೆಯದರಲ್ಲಿ ಎಂಟು ಇಟ್ಟಿಗೆ. ಐದನೆಯದರಲ್ಲಿ ಮೂರು ಪಟ್ಟು ಮೂರು ಪಟ್ಟು ಮೂರು, 27 ಘನಗಳು. ಅವುಗಳಲ್ಲಿ ಮೂರನ್ನು ಕರ್ಣದ ಗುಂಟ ಎರಡಾಗಿ, ಇನ್ನು ಮೂರನ್ನು ನಾಲ್ಕಾಗಿ ಕತ್ತರಿಸಿ ಒಟ್ಟು 39 ತುಂಡು. ಆರನೆಯದು ಇಟ್ಟಿಗೆಗಳದ್ದು, 36 ತುಂಡು. ಮಕ್ಕಳ ಮೇಜಿನ ಮೇಲೆ ಚೌಕಳಿ ಗೆರೆ ಎಳೆದಿರುತ್ತಿತ್ತು. ಒಂಥರಾ ಗ್ರಾಫ್ ಶೀಟ್.

ಇವುಗಳಿಂದ ಮೂರು ಬಗೆಯ ಆಟ. ಕುರ್ಚಿ, ಬಾವಿ, ಸೇತುವೆ ಥರ ಸುತ್ತ ಕಂಡಿದ್ದನ್ನು ಕಟ್ಟೋದು ಒಂದು. ರಂಗೋಲಿಯ ಹಾಗೆ ಸುತ್ತಲೂ ಸಮನಾಗಿ ಜೋಡಿಸಿ ಅಂದದ ವಿನ್ಯಾಸ ಮಾಡೋದು ಇನ್ನೊಂದು. ಅರ್ಧ, ಕಾಲು, ಹೆಚ್ಚು, ಕಡಿಮೆ ತಿಳಿಯೋದು ಮೂರನೆಯದು. ಒಂದು ನಿಯಮ ಮಾತ್ರ ಇತ್ತು. ಕಟ್ಟಿದ್ದನ್ನು ಬೀಳಿಸಿ ಮತ್ತೆ ಮೊದಲಿಂದ ಶುರು ಮಾಡಬಾರದು, ಇದ್ದದ್ದರಲ್ಲೇ ತುಂಡುಗಳನ್ನು ಸರಿಸಿ ಸರಿಸಿ ಮುಂದಿನ ಆಕಾರಕ್ಕೆ ಹೋಗಬೇಕು. ಎಲ್ಲ ತುಂಡುಗಳನ್ನೂ ಬಳಸಬೇಕು, ಯಾವುದೂ ಹೊರಗೆ ಉಳಿಯಬಾರದು.

ಉಡುಗೊರೆಗಳ ಜೊತೆಗೆ ಕೈಕೆಲಸಗಳು. ಕಾಗದ ಮಡಿಸೋದು, ಕತ್ತರಿಸೋದು, ಬಣ್ಣದ ಕಾಗದದ ಪಟ್ಟಿಗಳನ್ನು ಚಾಪೆ ಹಾಗೆ ಹೆಣೆಯೋದು, ಸೂಜಿಯಿಂದ ಚುಚ್ಚಿ ಚಿತ್ರ ಮಾಡೋದು, ದಾರದಲ್ಲಿ ಹೊಲಿಯೋದು, ಜೇಡಿಮಣ್ಣಿನಲ್ಲಿ ಆಕಾರ ಮಾಡೋದು. ನಮಗೆ ತುಂಬ ಇಷ್ಟವಾದದ್ದು ಬಟಾಣಿ ಕೆಲಸ. ಒಣ ಬಟಾಣಿಯನ್ನು ನೀರಲ್ಲಿ ನೆನೆಸಿ, ಚೂಪು ಕಡ್ಡಿಗಳನ್ನು ಅದಕ್ಕೆ ಚುಚ್ಚಿ ಮನೆ, ಗೋಪುರ ಕಟ್ಟೋದು. ಬಟಾಣಿ ಒಣಗಿದಾಗ ಕುಗ್ಗಿ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಜಾಯಿಂಟ್ ಮತ್ತು ಮೆಂಬರ್! ಚೌಕ ಮಾಡಿದರೆ ಅಲ್ಲಾಡುತ್ತೆ, ತ್ರಿಕೋನ ಮಾಡಿದರೆ ಅಲ್ಲಾಡಲ್ಲ. ಟ್ರಸ್ ಚಾಪ್ಟರಿನ ಮೊದಲ ಪುಟ ಇದೇ ಅಲ್ವಾ?

ಹೆಸರು ಸಿಕ್ಕಿದ್ದು ಗುಡ್ಡದ ಮೇಲೆ

ಈ ಸಂಸ್ಥೆಗೆ ಮೊದಲು ಇದ್ದ ಹೆಸರು ಒಂದು ಸಾಲಿನಷ್ಟು ಉದ್ದ. ಶಾಲೆ ಅಂತ ಕರೆಯಲು ಫ್ರೋಬೆಲ್‌ಗೆ ಇಷ್ಟ ಇರಲಿಲ್ಲ. ಒಂದು ದಿನ ಗೆಳೆಯರ ಜೊತೆ ಕೈಲ್‌ಹೌನಿಂದ ಬ್ಲಾಂಕೆನ್‌ಬುರ್ಗ್‌ಗೆ ಗುಡ್ಡ ದಾಟಿ ನಡೆದು ಬರುವಾಗ, ಕೆಳಗಿನ ಕಣಿವೆ ತೋಟದ ಹಾಗೆ ಹರಡಿರುವುದನ್ನು ಕಂಡು ಥಟ್ಟನೆ ನಿಂತರಂತೆ. ಕಿಂಡರ್‌ಗಾರ್ಟನ್ ಅನ್ನೋ ಹೆಸರು ಅಲ್ಲೇ ಹೊಳೆಯಿತು. 1840ರ ಜೂನ್ 28ರಂದು ಆ ಹೆಸರಿನಲ್ಲಿ ಸಂಸ್ಥೆ ಶುರುವಾಯಿತು. ಅದು ಬರೀ ಉಪಮೆ ಆಗಿರಲಿಲ್ಲ. ಪ್ರತಿ ಮಗುವಿಗೂ ತನ್ನದೇ ಒಂದು ಪುಟ್ಟ ಮಡಿ, ಸುತ್ತ ಎಲ್ಲರೂ ಸೇರಿ ನೋಡಿಕೊಳ್ಳುವ ಮಡಿಗಳು ಇರಬೇಕು ಅಂತ ಅವರು ಯೋಜನೆ ಹಾಕಿದ್ದರು.

ಆ ಸಂತೋಷ ನೋಡಲು ಹೆನ್ರಿಯೆಟ್ ಇರಲಿಲ್ಲ. ಹಿಂದಿನ ವರ್ಷವೇ, 1839ರಲ್ಲಿ, ತೀರಿಕೊಂಡಿದ್ದರು. ದುಡ್ಡಿಗೂ ಸದಾ ತೊಂದರೆ. ಊರೂರು ಸುತ್ತಿ ಉಪನ್ಯಾಸ ಕೊಟ್ಟರು. ಗಂಡಸು ಮೇಷ್ಟ್ರುಗಳು ನಕ್ಕರು, ಕೇಳಿಸಿಕೊಂಡವರು ಹೆಣ್ಣುಮಕ್ಕಳು. ಫ್ರೋಬೆಲ್ ಅವರಿಗೇ ತರಬೇತಿ ಕೊಡಲು ನಿಂತರು. ಮದುವೆ ಬಿಟ್ಟರೆ ಬೇರೆ ದಾರಿಯೇ ಕಡಿಮೆ ಇದ್ದ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಒಂದು ಗೌರವದ ವೃತ್ತಿ ಹುಟ್ಟಿದ್ದು ಹೀಗೆ.

1849ರಲ್ಲಿ ಬಾಡ್ ಲೀಬೆನ್‌ಸ್ಟೈನ್ ಎಂಬ ಊರಿಗೆ ಬಂದರು. ಬಿಳಿ ಕೂದಲಿನ ಮುದುಕ ಹಳ್ಳಿ ಮಕ್ಕಳ ಕೈ ಹಿಡಿದು ಬಯಲಲ್ಲಿ ಕುಣಿಯೋದನ್ನು ನೋಡಿ ಊರಿನವರು ಹುಚ್ಚು ಮುದುಕ ಅಂತ ಆಡಿಕೊಳ್ಳುತ್ತಿದ್ದರು. ಆ ಮಾತು ಕೇಳಿ ಕುತೂಹಲದಿಂದ ನೋಡಲು ಬಂದ ಬರ್ತಾ ಫಾನ್ ಮಾರೆನ್‌ಹೋಲ್ಟ್ಸ್ ಬ್ಯೂಲೋ ಎಂಬ ಸಿರಿವಂತ ಮಹಿಳೆ ಅವರ ಶಿಷ್ಯೆಯೇ ಆಗಿಬಿಟ್ಟರು.

ತಪ್ಪು ವಿಳಾಸಕ್ಕೆ ಬಂದ ಶಿಕ್ಷೆ

1851ರಲ್ಲಿ ಫ್ರೋಬೆಲ್ ತಮ್ಮ ಶಿಷ್ಯೆ ಲೂಯಿಸೆ ಲೆವಿನ್ ಅವರನ್ನು ಮದುವೆಯಾದರು. ಮರಿಯೆಂತಾಲ್‌ನ ತರಬೇತಿ ಶಾಲೆ ಚೆನ್ನಾಗಿ ನಡೆಯುತ್ತಿತ್ತು. ಅದೇ ವರ್ಷದ ಆಗಸ್ಟ್ 7ರಂದು ಪ್ರಷ್ಯಾ ಸರ್ಕಾರ ತನ್ನ ರಾಜ್ಯದಲ್ಲಿ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಅವು ನಾಸ್ತಿಕತೆ, ಸಮಾಜವಾದ ಕಲಿಸುತ್ತವೆ ಅನ್ನೋದು ಆರೋಪ. ಮಂತ್ರಿ ಫಾನ್ ರೌಮರ್ ಆಧಾರ ಮಾಡಿಕೊಂಡಿದ್ದು ಒಂದು ಕಿರುಪುಸ್ತಕ. ಅದನ್ನು ಬರೆದವನು ಫ್ರೆಡ್ರಿಕ್ ಫ್ರೋಬೆಲ್ ಅಲ್ಲ, ಅವರ ಅಣ್ಣನ ಮಗ ಕಾರ್ಲ್ ಫ್ರೋಬೆಲ್! ಹೆಸರು ಒಂದೇ ಅಂತ ಚಿಕ್ಕಪ್ಪನ ತಲೆಗೆ ಕಟ್ಟಿದರು. ತಪ್ಪಾಗಿದೆ ಅಂತ ಮೇಷ್ಟ್ರು ಬರೆದರು, ರಾಜನಿಗೂ ಮನವಿ ಕಳಿಸಿದರು. ಯಾರೂ ಒಪ್ಪಲಿಲ್ಲ. ಒಂದು ಸಲ ಆದ ಆರ್ಡರ್ ತಪ್ಪಾದರೂ ಸರಿಯೇ ಅನ್ನೋ ಕಚೇರಿಗಳು ಆಗಲೂ ಇದ್ದವು.

ಉಣ್ಣೆ ಚೆಂಡಿಗೂ ಬಟಾಣಿ ಮನೆಗೂ ಒಂದು ಸರ್ಕಾರ ಹೆದರಿತು ಅಂದರೆ ನಗು ಬರುತ್ತೆ. ಆದರೆ ಎಪ್ಪತ್ತರ ಹತ್ತಿರದ ಮನುಷ್ಯನಿಗೆ ಅದು ನಗುವ ವಿಷಯ ಆಗಿರಲಿಲ್ಲ. ಅಮೆರಿಕಕ್ಕೆ ಹೋಗಿ ಅಲ್ಲಾದರೂ ಇದನ್ನು ಬೆಳೆಸೋಣವಾ ಅಂತ ಯೋಚಿಸಿದ್ದರು. ಆಗಲಿಲ್ಲ. 1852ರ ಜೂನ್ 21ರಂದು ಮರಿಯೆಂತಾಲ್‌ನಲ್ಲಿ ತೀರಿಕೊಂಡರು. ನಿಷೇಧ ಹೋಗಿದ್ದು 1860ರಲ್ಲಿ, ಎಂಟು ವರ್ಷ ತಡವಾಗಿ. ಶ್ವೈನಾ ಎಂಬ ಊರಿನಲ್ಲಿರುವ ಅವರ ಸಮಾಧಿಯ ಮೇಲೆ ಕಲ್ಲಿನ ಘನ, ಅದರ ಮೇಲೆ ಸಿಲಿಂಡರ್, ಅದರ ಮೇಲೆ ಗೋಳ. ಎರಡನೇ ಉಡುಗೊರೆ.

ತೋಟದಿಂದ ಹಾರಿದ ಬೀಜಗಳು

ನಿಷೇಧ ಮಾಡಿದವರು ಒಂದು ಲೆಕ್ಕ ತಪ್ಪಿದ್ದರು. ತರಬೇತಿ ಪಡೆದ ಹೆಣ್ಣುಮಕ್ಕಳು ದೇಶ ಬಿಟ್ಟು ಹೋದಾಗ ಪೆಟ್ಟಿಗೆಗಳೂ ಜೊತೆಗೆ ಹೋದವು. 1856ರಲ್ಲಿ ಮಾರ್ಗರೆಟೆ ಶುರ್ಟ್ಸ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಂದು ಕಿಂಡರ್‌ಗಾರ್ಟನ್ ತೆರೆದರು. 1876ರಲ್ಲಿ ಟೋಕಿಯೋದಲ್ಲಿ ಶುರುವಾಯಿತು, ಅಲ್ಲಿ ಮೊದಲೇ ಇದ್ದ ಕಾಗದ ಮಡಿಸುವ ಕಲೆಯ ಜೊತೆ ಫ್ರೋಬೆಲ್ ಮಡಿಕೆಗಳು ಬೆರೆತುಹೋದವು. ಅದೇ 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ವಸ್ತುಪ್ರದರ್ಶನದಲ್ಲಿ ಈ ಪೆಟ್ಟಿಗೆಗಳನ್ನು ಕಂಡ ಒಬ್ಬ ತಾಯಿ ಮಗನಿಗೆ ಅಂತ ಕೊಡಿಸಿದರು. ಆ ಮಗ ಫ್ರಾಂಕ್ ಲಾಯ್ಡ್ ರೈಟ್. ಜಲಪಾತದ ಮೇಲೆ ಮನೆ ಕಟ್ಟಿದ ಆರ್ಕಿಟೆಕ್ಟ್. ಆ ನುಣುಪು ಮರದ ತುಂಡುಗಳು ತನ್ನ ಬೆರಳಿನಲ್ಲಿ ಕೊನೆವರೆಗೂ ಉಳಿದಿವೆ ಅಂತ ಅವರು ಹೇಳಿಕೊಂಡಿದ್ದಾರೆ. ಬಕ್‌ಮಿನ್‌ಸ್ಟರ್ ಫುಲ್ಲರ್ ಅನ್ನೋ ಹುಡುಗನಿಗೆ ಕಣ್ಣು ಮಂಜು. 1899ರಲ್ಲಿ ಅವನ ಕಿಂಡರ್‌ಗಾರ್ಟನ್‌ನಲ್ಲಿ ಬಟಾಣಿ ಕಡ್ಡಿ ಕೊಟ್ಟಾಗ ಬೇರೆ ಮಕ್ಕಳು ಕಂಡ ಮನೆಗಳ ಹಾಗೆ ಚೌಕ ಕಟ್ಟಿದರು. ಇವನು ಮುಟ್ಟಿ ಮುಟ್ಟಿ ನೋಡಿ, ಅಲ್ಲಾಡದೆ ನಿಲ್ಲುವ ತ್ರಿಕೋನಗಳನ್ನು ಕಟ್ಟಿದ. ಮುಂದೆ ಜಿಯೋಡೆಸಿಕ್ ಡೋಮ್‌ಗೆ ಪೇಟೆಂಟ್ ಪಡೆದವರು ಇವರೇ.

ನಮ್ಮ ಪಕ್ಕದಲ್ಲೇ ಒಂದು ಬೀಜ ಬಿದ್ದಿತ್ತು. 1893ರಲ್ಲಿ ಮದ್ರಾಸಿನಲ್ಲಿ ಟಿ. ಸುಂದರ ರಾವ್ ಅನ್ನುವವರು ಕಾಗದ ಮಡಿಸಿ ರೇಖಾಗಣಿತ ಕಲಿಯುವ ಒಂದು ಪುಸ್ತಕ ತಂದರು. ಕಿಂಡರ್‌ಗಾರ್ಟನ್‌ನ ಕಾಗದ ಮಡಿಸುವ ಉಡುಗೊರೆಯೇ ಅದಕ್ಕೆ ಪ್ರೇರಣೆ ಅಂತ ಅವರೇ ಹೇಳಿದ್ದಾರೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ಪುಸ್ತಕವನ್ನು ಪ್ರಸ್ತಾಪ ಮಾಡಿದರು, ಆಮೇಲೆ ಅಮೆರಿಕದಲ್ಲೂ ಅಚ್ಚಾಯಿತು. ಜರ್ಮನಿಯ ಹಳ್ಳಿಯಿಂದ ಮದ್ರಾಸಿಗೆ ಬಂದ ಒಂದು ಮಡಿಕೆ ಮತ್ತೆ ಜರ್ಮನಿಗೇ ಹೋಯಿತು. ನೀವೂ ಒಂದು ಮಾಡಿ ನೋಡಿ. ಚೌಕದ ಕಾಗದವನ್ನು ಉದ್ದಕ್ಕೆ ಮಧ್ಯ ಮಡಿಸಿ ಬಿಚ್ಚಿ. ಈಗ ಕೆಳಗಿನ ಎಡ ಮೂಲೆಯಿಂದ ಮಡಿಕೆ ಶುರು ಮಾಡಿ, ಬಲ ಮೂಲೆ ಆ ಮಧ್ಯದ ಗೆರೆ ಮೇಲೆ ಬಂದು ಕೂರುವ ಹಾಗೆ ಮಡಿಸಿ. ಅದು ಕೂತ ಬಿಂದು ಮತ್ತು ಕೆಳಗಿನ ಎರಡು ಮೂಲೆ ಸೇರಿಸಿದರೆ ಸಮಬಾಹು ತ್ರಿಕೋನ. ಕಂಪಾಸ್ ಬೇಡ, ಸ್ಕೇಲ್ ಬೇಡ.

ಈಗ ನಮ್ಮ ತಪ್ಪು

ಅಂಗನವಾಡಿಯಲ್ಲಿ ನಾವು ಮಕ್ಕಳಿಗೆ ದೋಣಿ ಮಾಡಿಸೋಣ ಅಂತ ಹೋಗಿದ್ವಿ. ಒಂದೇ ಸಲ ಎಲ್ಲರೂ ಮಡಿಸಬೇಕು, ನ್ಯಾಪಿನಲ್ಲಿ ಫೋಟೋ ಬರಬೇಕು. ನಾಲ್ಕು ವರ್ಷದ ಒಂದು ಪುಟ್ಟ ಹುಡುಗಿ ಮಾತ್ರ ಕಾಗದವನ್ನು ತನ್ನದೇ ರೀತಿ ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತ ಕೂತಿದ್ದಳು. ನಮ್ಮಲ್ಲೊಬ್ಬರು ಅದನ್ನು ತೆಗೆದುಕೊಂಡು, ನೀಟಾಗಿ ದೋಣಿ ಮಾಡಿ ಅವಳ ಕೈಗೆ ಕೊಟ್ಟರು. ಅವಳು ದೋಣಿಯನ್ನು ಚಾಪೆ ಮೇಲೆ ಇಟ್ಟಳು. ಆಮೇಲೆ ಅದನ್ನು ಮುಟ್ಟಲೇ ಇಲ್ಲ. ಫೋಟೋದಲ್ಲಿ ಎಲ್ಲ ಮಕ್ಕಳ ಕೈಯಲ್ಲೂ ದೋಣಿ ಇದೆ, ಅವಳ ಕೈ ಖಾಲಿ.

ಇದು ನಮ್ಮೊಬ್ಬರದೇ ತಪ್ಪಲ್ಲ ಅಂತ ಆಮೇಲೆ ತಿಳಿಯಿತು. ಫ್ರೋಬೆಲ್ ಹೋದ ಮೇಲೆ ಅವರ ಅನುಯಾಯಿಗಳಲ್ಲೇ ಎಷ್ಟೋ ಜನ ಉಡುಗೊರೆಗಳನ್ನು ಡ್ರಿಲ್ ಮಾಡಿಬಿಟ್ಟರು. ಎಲ್ಲರೂ ಒಟ್ಟಿಗೆ ಪೆಟ್ಟಿಗೆ ತೆಗೆಯಿರಿ, ಎಲ್ಲರೂ ಇದೇ ಆಕಾರ ಮಾಡಿ. ಮೇಷ್ಟ್ರ ಸಿಸ್ಟಮ್ಮಿನಲ್ಲೇ ನಿಯಮಗಳು ಜಾಸ್ತಿ ಇದ್ದದ್ದೂ ನಿಜ. ಈಗ ನಮ್ಮ ಎಲ್‌ಕೆಜಿಗಳಲ್ಲಿ ಆ ಪೆಟ್ಟಿಗೆಗಳೂ ಇಲ್ಲ, ತೋಟವೂ ಇಲ್ಲ. ಮೂರೂವರೆ ವರ್ಷದ ಮಗು ನಾಲ್ಕು ಗೆರೆ ಪುಸ್ತಕದಲ್ಲಿ ಎಬಿಸಿಡಿ ತಿದ್ದುತ್ತೆ. ಕ್ರಾಫ್ಟ್ ಪ್ರಾಜೆಕ್ಟ್ ಬಂದರೆ ರಾತ್ರಿ ಹನ್ನೊಂದಕ್ಕೆ ಅಪ್ಪ ಥರ್ಮಾಕೋಲ್ ಕತ್ತರಿಸ್ತಾರೆ, ಅಮ್ಮ ಅಂಟಿಸ್ತಾರೆ, ಮಗು ಮಲಗಿರುತ್ತೆ. ನಾವೂ ಹಾಗೇ ಬೆಳೆದವರು. ಅದಕ್ಕೇ ಇಂದು ಲ್ಯಾಬಿನಲ್ಲಿ ಮ್ಯಾನ್ಯುಯಲ್‌ನಲ್ಲಿ ಇಲ್ಲದ ಒಂದು ಸ್ಕ್ರೂ ಮುಟ್ಟಲೂ ನಮಗೆ ಭಯ.

ಮುಂದಿನ ತಿಂಗಳು ನಾವು ಮತ್ತೆ ಅದೇ ಅಂಗನವಾಡಿಗೆ ಹೋಗ್ತಿದ್ದೀವಿ. ಅರ್ಧ ಕೆಜಿ ಒಣ ಬಟಾಣಿ ಹಿಂದಿನ ರಾತ್ರಿಯೇ ನೆನೆಹಾಕಬೇಕು, ಕಡ್ಡಿಗಳ ಚೂಪು ಸ್ವಲ್ಪ ಮೊಂಡು ಮಾಡಬೇಕು, ಬಟಾಣಿ ಯಾರೂ ಮೂಗಿಗೆ ಹಾಕಿಕೊಳ್ಳದ ಹಾಗೆ ಪಕ್ಕದಲ್ಲೇ ಕೂರಬೇಕು. ಏನು ಕಟ್ಟಬೇಕು ಅಂತ ಮಾತ್ರ ಹೇಳಬಾರದು. ಬರುವವರು ಕನ್ನಡ ಸಂಘದ ರೂಮಿನ ಬೋರ್ಡಿನಲ್ಲಿ ಹೆಸರು ಬರೆಯಿರಿ. ಕ್ಯಾಮೆರಾ ಬೇಡ, ಎರಡು ಕೈ ಸಾಕು.